ಮೂರು ಹೊತ್ತಿನ ಕಷಾಯ

ಬಿಪಿ ಮಾತ್ರೆ ಶುರುವಾದ ಮೇಲೆ ಮಗಳಿಗೆ ಒಣಕೆಮ್ಮು ಹತ್ತಿತು. ಶಾಲೆಯಲ್ಲಿ ಪಾಠ ಮಾಡಲೂ ಆಗುತ್ತಿರಲಿಲ್ಲ. ನಾನು ದಿನಕ್ಕೆ ಮೂರು ಸಲ ಜ್ಯೇಷ್ಠಮಧುವಿನ ಕಷಾಯ ಕಾಸಿ, ಎದುರು ನಿಂತು ಕುಡಿಸಿದೆ.

“ಬಾಯಿ ಮುಚ್ಚಿಕೊಂಡು ಕುಡಿ.”

“ಬಾಯಿ ಮುಚ್ಚಿದ್ರೆ ಕುಡಿಯೋದು ಹೇಗಮ್ಮ?”

ಕೆಮ್ಮು ನಿಲ್ಲಲಿಲ್ಲ. ಬಿಪಿ ಏರುತ್ತಲೇ ಹೋಯಿತು. ಮೂರನೆಯ ಸಲ ಅವಳ ಜೊತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಪೆನ್ನು ಕೆಳಗಿಟ್ಟರು.

“ಕೆಮ್ಮು ಈ ಮಾತ್ರೆಯಿಂದಲೇ, ಬದಲಾಯಿಸ್ತೀನಿ. ಆದ್ರೆ ಬಿಪಿ ಯಾಕೆ ಇಷ್ಟು ಏರ್ತಿದೆ? ಕೆಮ್ಮಿಗೆ ಅಂತ ಯಾರಾದ್ರೂ ಜ್ಯೇಷ್ಠಮಧು ಕೊಡ್ತಿದ್ದಾರಾ? ಅದು ಬಿಪಿ ಏರಿಸುತ್ತೆ.”

ನಾನು ಮಗಳ ಕಡೆ ನೋಡಿದೆ.

“ನಾನೇ ಮಾಡ್ಕೊಂಡು ಕುಡೀತಿದ್ದೆ, ಡಾಕ್ಟ್ರೇ,” ಎಂದಳು ಮಗಳು. “ಅಮ್ಮ ಬೇಡ ಅಂತ ಬೈತಾನೇ ಇದ್ರು.”