ಬಾಲದೊಳಗಿನ ಹೆಸರು

ಮುಜೀಬ್ ವಿಮಾನದ ಬಾಲದ ಕೆಳಗೆ ತಲೆ ತೂರಿಸಿ, ಮುಚ್ಚಳದ ನಾಲ್ಕು ಸ್ಕ್ರೂಗಳಲ್ಲಿ ಮೊದಲನೆಯದನ್ನು ಬಿಚ್ಚಿದ. ಚನ್ನಮಲ್ಲಯ್ಯನವರು ಹೆಂಡತಿಯ ಕಡೆ ತಿರುಗಿ, “ಈಗ್ಲಾದ್ರೂ ಕಣ್ ತುಂಬ ನೋಡ್ಕ,” ಎಂದರು.

“ನೋಡಾಕೇ ಹುಲಿಕುಂಟೆಯಿಂದ ಬಸ್ಸಲ್ಲಿ ಬಂದಿವ್ನಿ,” ಎಂದರು ಸಿದ್ದಗಂಗಮ್ಮ, ಎಲೆಗೆ ಸುಣ್ಣ ಸವರುತ್ತ. “ಸುಳ್ಳಾದ್ರೆ ವಾಪಸ್ ಹೋಗುವಾಗ ನೀವು ಬ್ಯಾರೆ ಬಸ್ ಹತ್ಕಳಿ.”

ಶಿರಾದ ಒಂದು ಕಾಲೇಜಿನವರು ಹಳೆಯ ತರಬೇತಿ ವಿಮಾನ ತರಿಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಕೆಲಸ ವೆಲ್ಡಿಂಗ್ ಅಂಗಡಿಯ ಮುಜೀಬನದು. ದೇಶ ತನ್ನ ಕೈಯಾರೆ ವಿಮಾನ ಕಟ್ಟಲು ಕಲಿಯುತ್ತಿದ್ದ ಕಾಲದ್ದು ಆ ವಿಮಾನ. ಆಗ ಚನ್ನಮಲ್ಲಯ್ಯ ಅದನ್ನು ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಡ್ಡಿಯಂಥ ಹುಡುಗ. ಬಾಲದೊಳಗೆ ನುಸುಳಿ, ಹೊರಗಿನಿಂದ ಬಡಿಯುವ ರಿವೆಟ್ ಮೊಳೆಗೆ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಲು ಅಷ್ಟು ಸಣಕಲ ಇಡೀ ಕಾರ್ಖಾನೆಯಲ್ಲಿ ಇನ್ನೊಬ್ಬನಿರಲಿಲ್ಲ. ಊರಲ್ಲಿ ಯಾರು ನಂಬಬೇಕು? ವಿಮಾನ ಕಟ್ಟಿದೆ ಎಂದು ಅರವತ್ತು ವರ್ಷ ಹೇಳಿದ್ದಕ್ಕೆ ಹುಲಿಕುಂಟೆ ಕೊಟ್ಟ ಬಿರುದು: ರೈಲು ಚನ್ನಮಲ್ಲಯ್ಯ. ಸಾಯುವ ಮೊದಲು ಆ ಬಿರುದು ಕಳಚಬೇಕೆಂಬುದೊಂದೇ ಅವರ ಆಸೆ. ಬಾಲದ ಮೇಲೆ, ಅವರು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದ ನಂಬರೇ ಇತ್ತು. ಇನ್ನೇನು, ಸಾಕ್ಷಿ ಸಿಕ್ಕಿದಂತೆಯೇ.

“ನಕ್ಷೆ ಬರ್ದ ದೊಡ್ಡ ಸಾಹೇಬ್ರು ತಾವೇ ಬಂದು ಬೆನ್ ತಟ್ಟಿದ್ರು ಕಣ್ಲಾ. ‘ಮುಚ್ಚೋಕೆ ಮುಂಚೆ ಒಳಗೆ ನಿನ್ ಹೆಸ್ರು ಬರಿಯಪ್ಪ, ಪೆನ್ಸಿಲ್ನಾಗೆ ಬರಿ, ಬಣ್ಣ ಬ್ಯಾಡ, ತೂಕ ಜಾಸ್ತಿ ಆಯ್ತದೆ’ ಅಂದ್ರು. ಗುಲಗಂಜಿ ತೂಕಾನೂ ಬಿಡ್ತಿರ್ನಿಲ್ಲ ಆ ಮನ್ಸ,” ಎಂದು ಚನ್ನಮಲ್ಲಯ್ಯನವರು ಮುಜೀಬನಿಗೆ ಹೇಳಿದರು.

“ನಿಮ್ ಹೆಸ್ರು ಎಷ್ಟು ಹಗುರ ಅಂತ ಅವ್ರಿಗೆ ಗೊತ್ತಿರ್ನಿಲ್ಲ, ಪಾಪ,” ಎಂದರು ಸಿದ್ದಗಂಗಮ್ಮ.

ಮೂರನೇ ಸ್ಕ್ರೂ ಕೆಳಗೆ ಬಿದ್ದಾಗ ಚನ್ನಮಲ್ಲಯ್ಯನವರಿಗೆ ಆ ಪೆನ್ಸಿಲ್ ಕೈಯಲ್ಲಿ ಹಿಡಿದಂತೆಯೇ ಆಯಿತು. ಬರೆದ ಹೆಸರು ನೆನಪಾಯಿತು. ಅದರ ಪಕ್ಕದ ಹೆಸರೂ ನೆನಪಾಯಿತು. ಲಗ್ನಪತ್ರಿಕೆಯಲ್ಲಿ ಬರೆಯುವ ಹಾಗೆ, ದುಂಡಾದ ಅಕ್ಷರದಲ್ಲಿ, ‘ಚಿ. ಚನ್ನಮಲ್ಲಯ್ಯ, ಚಿ.ಸೌ. ಭುವನಾ’ ಎಂದು ಬರೆದಿದ್ದರು! ಕಾರ್ಖಾನೆಯ ಗೇಟಿನಲ್ಲಿ ಮಜ್ಜಿಗೆ ಮಾರುತ್ತಿದ್ದ ಹುಡುಗಿ ಭುವನಾ. ಅವಳೊಡನೆ ಆಡಿದ್ದೇ ನಾಲ್ಕು ಮಾತು, ಅದರಲ್ಲಿ ಮೂರು ‘ಉಪ್ಪು ಸಾಲ್ದು’. ಆಗಿನ್ನೂ ಅವರಿಗೆ ಮದುವೆಯೂ ಆಗಿರಲಿಲ್ಲ. ಆದರೆ ಇದನ್ನೆಲ್ಲ ಸಿದ್ದಗಂಗಮ್ಮನಿಗೆ ಬಿಡಿಸಿ ಹೇಳುವಷ್ಟು ಆಯುಸ್ಸು ತಮಗೆ ಉಳಿದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಸಾಕು ಬುಡು ಮುಜೀಬ. ಹಂಗೇ ಮುಚ್ಬುಡು.”

“ಅರೆ, ಇನ್ನೊಂದೇ ಸ್ಕ್ರೂ ತಾತ!”

“ನಾನು ಹೇಳಿದ್ದೆಲ್ಲಾ ರೈಲು ಕಣ್ಲಾ. ವಿಮಾನ ಕಟ್ಟೋದಿರ್ಲಿ, ಆ ಕಾರ್ಖಾನೆ ಗೇಟೂ ನೋಡಿಲ್ಲ ನಾನು.”

ಮುಜೀಬ್ ಸ್ಕ್ರೂಡ್ರೈವರ್ ಹಿಡಿದು ಬೆಪ್ಪಾಗಿ ನಿಂತ. ಸಿದ್ದಗಂಗಮ್ಮ ಎದ್ದು ಬಂದು ಗಂಡನ ಮುಖವನ್ನೇ ನೋಡಿದರು. ಐವತ್ತಾರು ವರ್ಷ ಸಂಸಾರ ಮಾಡಿದ ಕಣ್ಣು ಅದು. ಹಣೆಯ ಬೆವರನ್ನು ಸೆರಗಿನಿಂದ ತಾವೇ ಒರೆಸಿದರು.

“ಇಷ್ಟು ವರ್ಷ ನಂಬಿರ್ನಿಲ್ಲ ಕಣಪ್ಪ ಮುಜೀಬ, ಈಗ ನಂಬ್ದೆ. ಇಮಾನ ಇವ್ರೇ ಕಟ್ಟಿರಾದು,” ಎಂದು ಅವನ ಮೊಬೈಲು ಇಸಿದುಕೊಂಡು ಬಾಲದ ಕಡೆ ಟಾರ್ಚು ಹಿಡಿದರು.

“ಬಿಚ್ಚು. ಅವಳ್ಯಾರು ಅಂತ ನೋಡಾನ.”