ಅಡುಗೆಮನೆಯ ಗಾಜು

"ಕೋಲು ತಂದಿದ್ದೀಯೇನೋ?" ಬಾಗಿಲು ಅರ್ಧ ತೆರೆದ ಐಲಿ ಅತ್ತೆ ಕೇಳಿದ ಮೊದಲ ಮಾತೇ ಇದು.

"ಇಲ್ಲ ಅತ್ತೆ, ಬರಿಗೈ." ಟಾರ್ಮೊ ಎರಡೂ ಕೈ ಎತ್ತಿ ತೋರಿಸಿದ. ಐಸ್ ಹಾಕಿಯಲ್ಲಿ ಇಪ್ಪತ್ತು ವರ್ಷ ಫಾರ್ವರ್ಡ್ ಆಗಿ ಮೆರೆದು, ಫಿನ್ಲೆಂಡಿನ ಗೋಲ್‌ಕೀಪರುಗಳಿಗೆಲ್ಲ ನೀರು ಕುಡಿಸಿದವನು, ಹಳೆಯ ನೆರೆಮನೆಯ ಈ ಮುದುಕಿಯ ಎದುರು ಮಾತ್ರ ಇನ್ನೂ ಪೋರನೇ. ಆ ಸಂಜೆ ಅವನ ಹದಿನೇಳನೆಯ ನಂಬರಿನ ಜೆರ್ಸಿಯನ್ನು, ನಿವೃತ್ತಿಯ ಗೌರವವೆಂದು, ಕ್ರೀಡಾಂಗಣದ ಚಾವಣಿಗೆ ಏರಿಸುವವರಿದ್ದರು. ಇನ್ನು ಮುಂದೆ ಆ ನಂಬರು ಯಾರಿಗೂ ಇಲ್ಲ. ಊರಿಗೆ ಊರೇ ಬರುವುದಿತ್ತು. ಐಲಿ ಅತ್ತೆ ಮಾತ್ರ ಒಂದು ದಿನವೂ ಅತ್ತ ಕಾಲಿಟ್ಟವಳಲ್ಲ. ಅವಳಿಲ್ಲದ ಸಂಭ್ರಮ ಟಾರ್ಮೊನಿಗೆ ಸಪ್ಪೆ ಅನ್ನಿಸಿತ್ತು.

ಅಡುಗೆಮನೆಯಲ್ಲಿ ಅವಳು ಕಾಫಿ ಬಗ್ಗಿಸಿ, ಏಲಕ್ಕಿ ಬನ್ನನ್ನು ಅವನತ್ತ ತಳ್ಳಿದಳು. "ನಾನ್ಯಾಕೋ ಅಲ್ಲಿಗೆ? ನಿನಗೆ ಬೈದಿದ್ದು ಬಿಟ್ಟರೆ ನಾನೇನು ಮಾಡಿದೀನಿ?"

"ಆ ಬೈಗುಳಕ್ಕೇ ಥ್ಯಾಂಕ್ಸ್ ಹೇಳೋಕೆ ಬಂದೆ." ಟಾರ್ಮೊ ಕಿಟಕಿಯತ್ತ ತಿರುಗಿದ. ಹೊರಗೆ ಅವನು ಹುಡುಗನಾಗಿದ್ದಾಗ ಆಡಿದ ಅದೇ ಅಂಗಳ, ಅದೇ ಮಂಜುಗಡ್ಡೆ. "ನಮ್ಮ ಗೋಲಿನ ಹಿಂದೇನೇ ಈ ಗಾಜು. ಮೊದಲನೇ ಸಲ ನಮ್ಮ ಆಟದ ರಬ್ಬರ್ ಬಿಲ್ಲೆ ಬಡಿದು ಒಡೆದಾಗ ಏನಂದ್ರಿ? ಬಿಲ್ಲೆ ನೆಲ ಬಿಟ್ಟು ಬೆರಳಷ್ಟು ಎದ್ದರೂ ಕೋಲು ಒಲೆಗೆ ಅಂದ್ರಿ. ಆವತ್ತಿಂದ ನೆಲಕ್ಕೆ ಅಂಟಿಸಿ ಹೊಡೆಯೋದು ಕಲಿತೆ. ಹೊಡೆಯೋ ಮುಂಚೆ, ಕಿಟಕೀಲಿ ನೀವಿದ್ದೀರಾ ಅಂತ ತಲೆ ಎತ್ತಿ ನೋಡ್ತಿದ್ದೆ. ಹಾಗೆ ನೋಡಿದಾಗ ಗೋಲ್‌ಕೀಪರ್ ಎಲ್ಲಿ ಸಂದು ಬಿಟ್ಟಿದಾನೆ ಅಂತಾನೂ ಕಾಣ್ತಿತ್ತು. ಪೇಪರಿನವರು ಅದನ್ನ ಪ್ರತಿಭೆ ಅಂದ್ರು. ಪ್ರತಿಭೆನೂ ಇಲ್ಲ, ಮಣ್ಣೂ ಇಲ್ಲ. ನಿಮ್ಮ ಹೆದರಿಕೆ!"

ಟಾರ್ಮೊ ಕಿಟಕಿ ಬಿಟ್ಟು ಅವಳತ್ತ ತಿರುಗಿದ. "ಈ ಆಟದಿಂದ ನಾನು ತಿಂದ ರೊಟ್ಟಿಯೆಲ್ಲ ನೀವು ಕೊಟ್ಟಿದ್ದೇ ಅತ್ತೆ. ಇವತ್ತಾದರೂ ಬನ್ನಿ."

"ಇಷ್ಟು ವರ್ಷ ಯಾರು ಕರೆದಿದ್ರು?" ಅವಳು ಲೋಟ ಎತ್ತಿಡಲು ಎದ್ದಳು.

ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾತು ಮರೆಸಲು ಕೇಳಿದ: "ಅಷ್ಟೊಂದು ಕಾಟ ಕೊಟ್ವಲ್ಲ, ಕಿಟಕಿಗೆ ಒಂದು ಹಲಗೆ ಹೊಡೆಸಬಾರದಿತ್ತಾ? ನಮ್ಮಮ್ಮ ತಂದುಕೊಟ್ಟ ಹಲಗೇನೂ ವಾಪಸ್ ಕಳಿಸಿದ್ರಂತೆ."

"ಹಲಗೆ ಹೊಡೆಸಿದ್ರೆ ಆಟ ಹೇಗೋ ನೋಡ್ತಿದ್ದೆ, ದಡ್ಡ?" ಎನ್ನುತ್ತ ಐಲಿ ಅತ್ತೆ ಗೂಟದಿಂದ ಕೋಟು ತೆಗೆದುಕೊಂಡಳು.

ಸಂಜೆ ಜೆರ್ಸಿ ಚಾವಣಿ ಸೇರಿತು. ಕೊನೆಯದಾಗಿ ಒಂದು ಹೊಡೆತ ಹೊಡೆಯಲೆಂದು ಟಾರ್ಮೊನ ಮುಂದೆ ಕಪ್ಪು ರಬ್ಬರಿನ ಬಿಲ್ಲೆ ಇಟ್ಟರು. ಎದುರಿಗೆ ಕಾಯುವವರಿಲ್ಲದ ಬರೀ ಬಲೆ. "ಇವತ್ತೊಂದು ಸಲ ಎತ್ತಿ ಹೊಡಿಯೋ!" ಎಂದು ಜನ ಕೂಗಿದರು. ಅವನು ರೂಢಿಯಂತೆ ತಲೆ ಎತ್ತಿ ನೋಡಿದ. ಬಲೆಯ ಹಿಂದೆ, ಅಂಕಣದ ಸುತ್ತಲಿನ ದಪ್ಪ ಗಾಜಿಗೆ ಮೂಗು ಒತ್ತಿಕೊಂಡು ಐಲಿ ಅತ್ತೆ ಕೂತಿದ್ದಳು, ತೋರುಬೆರಳು ಅಲ್ಲಾಡಿಸುತ್ತಾ.

ಬಿಲ್ಲೆ ನೆಲ ಬಿಟ್ಟು ಏಳಲಿಲ್ಲ.