ಬಾಗಿಲು ತಟ್ಟಿದವರು

ಆಸ್ಪತ್ರೆಯ ಫೈಲ್ ಸರ್ವರ್ ಮತ್ತೆ ಕೈಕೊಟ್ಟಾಗ, ಅದನ್ನು ನೋಡಿಕೊಳ್ಳುವ ತೂಲಿಕ್ಕಿಯ ಕಾಫಿ ಆರಿ ತಣ್ಣಗಾಗಿತ್ತು. ಹೌಕಿಸಾರಿ ದ್ವೀಪದ ಕ್ಲಿನಿಕ್ಕಿನಿಂದ ಹೊರಟ, ರೋಗಿಯೊಬ್ಬನ ತಲೆಯ ಸ್ಕ್ಯಾನ್ ಅರ್ಧದಲ್ಲೇ ನಿಂತಿತ್ತು. "ಚಿತ್ರ ನೋಡ್ದೆ ಹೆಲಿಕಾಪ್ಟರ್ ಕಳ್ಸಿ ಅಂತ ಹೇಗೆ ಹೇಳ್ಲಿ, ತೂಲಿಕ್ಕಿ?" ಎಂದು ಫೋನಿನಲ್ಲಿ ಆಸ್ಪತ್ರೆಯ ಡಾಕ್ಟರ್ ರೇಗಿದಳು.

"ಯಾರೋ ಹೊರಗಿನವ್ರದೇ ಕೆಲಸ ಕಣೇ," ಎಂದ ಪಕ್ಕದ ಮೇಜಿನ ಔಲಿಸ್. "ನೆಟ್‌ವರ್ಕಲ್ಲಿ ಒಳಗೆ ಬಂದು, ಹೆಸರೂ ಹೇಳ್ದೆ ಸುಮ್ನೆ ಕೂತವ್ರನ್ನ ಎಬ್ಬಿಸಿ ಹೊರಗೆ ಹಾಕೋಕೆ ಈ ಹಳೇ ಸರ್ವರಿಗೆ ಬರಲ್ಲ. ಜಾಗ ತುಂಬಿದ್ರೆ ಮುಗೀತು. ಹೇಗಿದೆ ಈಗ?"

ತೂಲಿಕ್ಕಿ ಹಾಗೆ ಕೂತವರೆಲ್ಲರ ವಿಳಾಸ ತೆರೆದು ನೋಡಿದಳು. ಎಲ್ಲವೂ ಒಂದೇ ವಿಳಾಸ, ಅದೂ ಅವಳ ಕಂಪ್ಯೂಟರಿನದೇ. ಸರ್ವರ್ ಬದುಕಿದೆಯೇ ಎಂದು ಆಗಾಗ ಬಾಗಿಲು ತಟ್ಟಿ ವಿಚಾರಿಸಲು ಅವಳೇ ಬರೆದಿದ್ದ ಪುಟ್ಟ ಪ್ರೋಗ್ರಾಂ ಅದು. ಪ್ರತಿ ಸಲವೂ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಸರ್ವರ್ ಬಿದ್ದಾಗಲೆಲ್ಲ ಆತಂಕದಿಂದ ಅವಳು ಅದನ್ನು ಇನ್ನೂ ಬೇಗಬೇಗ ತಟ್ಟುವಂತೆ ಮಾಡಿದ್ದಳು.

ಅವಳು ಪ್ರೋಗ್ರಾಮನ್ನು ನಿಲ್ಲಿಸಿ ಸರ್ವರನ್ನು ಮತ್ತೆ ಎಬ್ಬಿಸಿದಳು. ಸ್ಕ್ಯಾನ್ ಪೂರ್ತಿ ಬಂತು. "ಕಳ್ಸಿ, ಈಗ್ಲೇ ಹೆಲಿಕಾಪ್ಟರ್ ಕಳ್ಸಿ," ಎಂದು ಡಾಕ್ಟರ್ ಯಾರಿಗೋ ಕೂಗಿದ್ದು ಫೋನಿನಲ್ಲಿ ಕೇಳಿಸಿತು.

"ಹೇಗಿದೆ ಈಗ?" ಔಲಿಸ್ ಮತ್ತೆ ಕತ್ತು ಚಾಚಿದ.

"ಕೇಳೋದು ನಿಲ್ಸಿದೀನಿ," ಎಂದಳು ತೂಲಿಕ್ಕಿ, ತಣ್ಣನೆಯ ಕಾಫಿಯನ್ನು ಬಾಯಿಗಿಡುತ್ತ. "ಚೆನ್ನಾಗಿದೆ."